ಬೊಲಿವಿಯಾದ ಕಾಡುಬಳ್ಳಿ, ಧಾರವಾಡದ ಬೀಜ, ನಮ್ಮ ಹೊಲ

ಕಡ್ಲೇಕಾಯಿ ಬೆಳೆಯ ಹಿಂದೆ ಎಷ್ಟು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ದುಡಿದಿವೆ, ಆ ಕೂಡಿಕೆ ಇವತ್ತು ಯಾಕೆ ಸಡಿಲವಾಗುತ್ತಿದೆ ಎಂಬುದು ಗಡಿಭಾಗದ ರೈತರೂ ವ್ಯಾಪಾರಸ್ಥರೂ ತಿಳಿದಿರಬೇಕಾದ ಸಂಗತಿ.

ಮಡಕಶಿರಾ, ರಾಯದುರ್ಗದ ಕಡೆ ನಾವು ಕನ್ನಡದಲ್ಲಿ ಕಡ್ಲೇಕಾಯಿ ಅಂತೀವಿ, ತೆಲುಗಿನಲ್ಲಿ ಶನಕ್ಕಾಯಲು ಅಂತೀವಿ. ಆದವಾನಿ ಕಡೆಗೆ ಹೋದರೆ ಅದೇ ಬುಡ್ಡಲು. ಬಳ್ಳಾರಿ, ರಾಯಚೂರು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಲ್ಲಿ ಶೇಂಗಾ. ಕಾಸರಗೋಡಿನವರಿಗೆ ನೆಲಗಡಲೆ. ಇಷ್ಟು ಹೆಸರಿಟ್ಟು ಸಾಕಿದ ಮೇಲೆ ಅದು ಹೊರಗಿನ ಬೆಳೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಸೊಲ್ಲಾಪುರದ ಶೇಂಗಾ ಚಟ್ನಿ, ಚಳ್ಳಕೆರೆಯ ಎಣ್ಣೆ ಮಿಲ್ಲು, ಆದವಾನಿಯ ಮಾರ್ಕೆಟ್ ಯಾರ್ಡು, ಇವುಗಳ ನಡುವೆ ಎಷ್ಟೋ ಮನೆಗಳ ಅನ್ನ ಈ ಕಾಯಿಯಿಂದಲೇ ನಡೆದಿದೆ. ಒಂದು ಕಾಲಕ್ಕೆ ಹಳೆಯ ಅನಂತಪುರ ಜಿಲ್ಲೆಯೊಂದರಲ್ಲೇ ಏಳೆಂಟು ಲಕ್ಷ ಹೆಕ್ಟೇರು ಕಡ್ಲೇಕಾಯಿ ಬಿತ್ತುತ್ತಿದ್ದರು. ಈಗ ಅಷ್ಟಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಅದೂ ಬಿದ್ದಾಗ ಬಿತ್ತು, ಬೀಳದಿದ್ದಾಗ ಇಲ್ಲ.

ಆದರೂ ಈ ಗಿಡ ಹುಟ್ಟಿದ್ದು ಇಲ್ಲಿ ಅಲ್ಲ. ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಅರ್ಜೆಂಟೀನಾ ದೇಶಗಳ ಗಡಿಭಾಗದಲ್ಲಿ ಹುಟ್ಟಿದ್ದು. ಅದೂ ನಮ್ಮ ಹಾಗೇ ಗಡಿಸೀಮೆಯ ಗಿಡ. ಅಲ್ಲಿಂದ ಹಡಗು ಹತ್ತಿ ಬಂದು ನಮ್ಮ ಕೆಂಪು ನೆಲದಲ್ಲಿ ಬೇರು ಬಿಟ್ಟಿತು. ಬಂದದ್ದು ಗಿಡ ಒಂದೇ ಅಲ್ಲ. ಅದರ ರೋಗಗಳೂ ಒಂದೊಂದಾಗಿ ಬಂದು ಸೇರಿಕೊಂಡವು. ಈ ರೋಗಗಳಿಗೆ ಮದ್ದು ಹುಡುಕುವ ಕೆಲಸ ಒಂದು ಊರಿನ, ಒಂದು ರಾಜ್ಯದ, ಒಂದು ದೇಶದ ಕೈಯಲ್ಲಿ ಆಗುವಂಥದ್ದಲ್ಲ ಎಂಬುದೇ ಈ ಲೇಖನದ ವಿಷಯ.

2000ನೇ ಇಸವಿಯ ಮುಂಗಾರು

ನಮ್ಮ ಕಡೆಯ ಐವತ್ತು ದಾಟಿದ ಯಾವ ರೈತನನ್ನು ಕೇಳಿದರೂ 2000ನೇ ಇಸವಿಯ ಮುಂಗಾರು ನೆನಪಿದೆ ಅಂತಾನೆ. ಗಿಡ ಚೆನ್ನಾಗಿಯೇ ಎದ್ದಿತ್ತು. ಇದ್ದಕ್ಕಿದ್ದ ಹಾಗೆ ಎಳೆ ಎಲೆಯ ಮೇಲೆ ಸುಟ್ಟ ಮಚ್ಚೆ, ಆಮೇಲೆ ಕಾಂಡ ಕಪ್ಪಾಗಿ ಸುಳಿ ಒಣಗಿ ಗಿಡವೇ ಸತ್ತುಹೋಗುತ್ತಿತ್ತು. ನೋಡಿದವರಿಗೆ ಹಳೆಯ ಸುಳಿ ಒಣಗುವ ರೋಗದ ಹಾಗೇ ಕಾಣುತ್ತಿತ್ತು. ಅನಂತಪುರ ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರಿಗೆ ಈ ರೋಗ ತಗುಲಿತೆಂದೂ, ನಷ್ಟ 300 ಕೋಟಿ ರೂಪಾಯಿ ದಾಟಿತೆಂದೂ ಲೆಕ್ಕ ಹಾಕಿದರು.

ರೋಗಕ್ಕೆ ಮದ್ದು ಹುಡುಕುವ ಮುಂಚೆ ಅದರ ಹೆಸರು ಗೊತ್ತಾಗಬೇಕು. ಆ ಕೆಲಸ ಮಾಡಿದ್ದು ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು. ಅವರ ಜೊತೆಗೆ ಸ್ಕಾಟ್ಲೆಂಡಿನ ಡಂಡಿ ಊರಿನ ಬೆಳೆ ಸಂಶೋಧನಾ ಸಂಸ್ಥೆಯ ವೈರಸ್ ತಜ್ಞರು ಕೈಜೋಡಿಸಿದರು. ಇದು ಹಳೆಯ ಸುಳಿ ರೋಗವಲ್ಲ, ತಂಬಾಕಿನ ಗಿಡದಲ್ಲಿ ಮೊದಲು ಕಂಡಿದ್ದ 'ಟೊಬ್ಯಾಕೊ ಸ್ಟ್ರೀಕ್' ಎಂಬ ವೈರಸ್ ಎಂದು ಅವರು ಕಂಡುಹಿಡಿದು 2002ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1997ರ ಸುಮಾರಿಗೆ, ಕರ್ನಾಟಕದ ಬಾಗೇಪಲ್ಲಿ ಕಡೆ ಸೂರ್ಯಕಾಂತಿ ಹೊಲಗಳಲ್ಲಿ ಇದೇ ಬಗೆಯ ಒಣಗು ಕಾಣಿಸಿತ್ತು. ರೋಗಕ್ಕೆ ಚೆಕ್‌ಪೋಸ್ಟ್ ಎಲ್ಲಿದೆ?

ಅದು ಹರಡುವ ಬಗೆ ಕೇಳಿದರೆ ಆಶ್ಚರ್ಯವಾಗುತ್ತದೆ. ಕಾಂಗ್ರೆಸ್ ಗಿಡ ನಮಗೆಲ್ಲ ಗೊತ್ತು. ತೆಲುಗಿನಲ್ಲಿ ವಯ್ಯಾರಿಭಾಮ ಅಂತಾರೆ. ಆ ಗಿಡದೊಳಗೆ ವೈರಸ್ ಇರುತ್ತದೆ, ಆದರೆ ಗಿಡಕ್ಕೆ ಏನೂ ಆಗಿರುವುದಿಲ್ಲ. ಅದರ ಹೂವಿನ ಪುಡಿಯ ಜೊತೆ ವೈರಸ್ ಹೊರಗೆ ಬರುತ್ತದೆ. ಥ್ರಿಪ್ಸ್ ನುಶಿ ಆ ಪುಡಿಯನ್ನು ಮೈಗೆ ಹಚ್ಚಿಕೊಂಡು ಕಡ್ಲೇಕಾಯಿ ಎಲೆಯ ಮೇಲೆ ಕೂತು ಕೆರೆಯುತ್ತದೆ. ಆ ಗಾಯದಲ್ಲಿ ವೈರಸ್ ಒಳಗೆ ಹೋಗುತ್ತದೆ. ಅಂದರೆ ಬೆಳೆಗೆ ಬಂದ ರೋಗದ ಬೇರು ಬದುವಿನ ಮೇಲಿನ ಕಳೆಯಲ್ಲಿತ್ತು. ಇಷ್ಟು ಗೊತ್ತಾದ ಮೇಲೆ ಹೇಳಿದ ಸಲಹೆಗಳು ಸರಳ: ಹೂ ಬಿಡುವ ಮುಂಚೆ ಬದುವಿನ ಕಾಂಗ್ರೆಸ್ ಗಿಡ ಕೀಳಿ, ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಕೆಲವು ಸಾಲು ಗಡಿಬೆಳೆಯಾಗಿ ಬಿತ್ತಿ, ಬೀಜೋಪಚಾರ ಮಾಡಿ. ಎತ್ತರದ ಗಡಿಸಾಲು ಗಾಳಿಯಲ್ಲಿ ಬರುವ ನುಶಿಯನ್ನು ತಡೆಯುತ್ತದೆ. ನಮ್ಮ ಅಜ್ಜಂದಿರು ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅದೇ ಈಗ ವಿಜ್ಞಾನಿಗಳ ಬಾಯಲ್ಲಿ ಬಂತು.

ಪಟಾನ್‌ಚೆರುವಿನ ಪ್ರಯೋಗಾಲಯ ಡಂಡಿಯ ಪ್ರಯೋಗಾಲಯದ ಜೊತೆ ಮೊದಲಿಂದಲೂ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡಿರದಿದ್ದರೆ ಈ ಹೆಸರು ಪತ್ತೆಯಾಗಲು ಇನ್ನೆಷ್ಟು ಮುಂಗಾರು ಹೋಗುತ್ತಿತ್ತೋ.

ಸಂಬಂಧ ಬೆಳೆದದ್ದು ಹೀಗೆ

ನಮ್ಮ ಗಡಿಯ ಎರಡೂ ಕಡೆಯ ಕೃಷಿ ವಿಶ್ವವಿದ್ಯಾಲಯಗಳು ಒಂದೇ ವರ್ಷ ಸ್ಥಾಪನೆಯಾದವು, 1964ರಲ್ಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು, ಹೈದರಾಬಾದಿನ ರಾಜೇಂದ್ರನಗರದಲ್ಲಿ ಒಂದು. ಎರಡಕ್ಕೂ ಅಮೆರಿಕದ ಒಂದೊಂದು ವಿಶ್ವವಿದ್ಯಾಲಯ ಅಣ್ಣನ ಹಾಗೆ ನಿಂತಿತು. ಬೆಂಗಳೂರಿಗೆ ಟೆನೆಸ್ಸಿ ವಿಶ್ವವಿದ್ಯಾಲಯ, ಹೈದರಾಬಾದಿಗೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ. ಅಮೆರಿಕದಲ್ಲಿ 1862ರ ಕಾಯಿದೆಯ ಪ್ರಕಾರ ಸರ್ಕಾರ ಭೂಮಿ ಕೊಟ್ಟು ಕಟ್ಟಿಸಿದ ಕಾಲೇಜುಗಳಿವೆ. ಪಾಠ, ಸಂಶೋಧನೆ, ಹಳ್ಳಿಗೆ ಹೋಗಿ ಹೇಳುವುದು, ಈ ಮೂರೂ ಒಂದೇ ಸಂಸ್ಥೆಯ ಕೆಲಸ ಎಂಬುದು ಅವುಗಳ ಪದ್ಧತಿ. ಅದೇ ಪದ್ಧತಿ ಇಲ್ಲಿಗೂ ಬಂತು. 1986ರಲ್ಲಿ ಧಾರವಾಡ, 2008ರಲ್ಲಿ ರಾಯಚೂರು ಬೇರೆಯಾಗಿ ಎದ್ದವು. ಹೈದರಾಬಾದಿನದು ಆಚಾರ್ಯ ಎನ್.ಜಿ. ರಂಗಾ ಅವರ ಹೆಸರು ಪಡೆದು, 2014ರಲ್ಲಿ ರಾಜ್ಯ ಇಬ್ಭಾಗವಾದ ಮೇಲೆ ಆಂಧ್ರದ ಪಾಲಿಗೆ ಗುಂಟೂರಿಗೆ ಹೋಯಿತು. ನಮ್ಮ ಕದಿರಿಯ ಕೃಷಿ ಸಂಶೋಧನಾ ಕೇಂದ್ರ ಅದರ ಕೆಳಗೇ ಇದೆ. ಕದಿರಿ-3, ಕದಿರಿ-6 ಎಂಬ ತಳಿಗಳ ಹೆಸರು ಕೇಳದ ರೈತ ನಮ್ಮಲ್ಲಿಲ್ಲ.

1972ರಲ್ಲಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಬಂತು. ಸೊಲ್ಲಾಪುರದಿಂದ ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಲಾರಿಯಲ್ಲಿ ಮಾಲು ಹಾಕಿಕೊಂಡು ಹೋಗುವ ವ್ಯಾಪಾರಸ್ಥರು ಎಷ್ಟೋ ಸಲ ಅದರ ಕಾಂಪೌಂಡ್ ದಾಟಿ ಹೋಗಿರುತ್ತೀರಿ. ಮಳೆಯಾಶ್ರಿತ ಒಣಸೀಮೆಯ ಬೆಳೆಗಳಾದ ಜೋಳ, ಸಜ್ಜೆ, ಕಡಲೆ, ತೊಗರಿ, ಕಡ್ಲೇಕಾಯಿಗಳೇ ಅದರ ಕೆಲಸ. ಅಲ್ಲಿಯ ಬೀಜಭಂಡಾರದಲ್ಲಿ ಕಡ್ಲೇಕಾಯಿ ಒಂದರದೇ ಹದಿನೈದು ಸಾವಿರದಷ್ಟು ಮಾದರಿಗಳಿವೆ, ನಾನಾ ದೇಶಗಳಿಂದ ಬಂದವು.

ಇತ್ತ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 1982ರಿಂದ ಕಡ್ಲೇಕಾಯಿಗೆಂದೇ ಒಂದು ಕೂಟ ನಡೆಯಿತು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳೂ ಆಫ್ರಿಕಾ, ಏಷ್ಯಾದ ಸಂಸ್ಥೆಗಳೂ ಅದರಲ್ಲಿದ್ದವು. ಹಣ ಕೊಟ್ಟದ್ದು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್. ಇಂಥ ಕೂಟಗಳಲ್ಲಿ ದೊಡ್ಡ ಕಟ್ಟಡ ಇರುವುದಿಲ್ಲ. ಒಬ್ಬರ ಹತ್ತಿರ ಬೀಜ, ಇನ್ನೊಬ್ಬರ ಹತ್ತಿರ ಯಂತ್ರ, ಮತ್ತೊಬ್ಬರ ಹತ್ತಿರ ರೋಗ ಜೋರಾಗಿ ಬರುವ ಹೊಲ. ಮುಯ್ಯಾಳು ಪದ್ಧತಿ ಅಂದರೆ ನಮಗೆ ಬೇಗ ಅರ್ಥವಾಗುತ್ತದೆ. ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು.

ಕಾಡುಬಳ್ಳಿಯ ಕಥೆ

ಈ ಮುಯ್ಯಿಯಿಂದ ಏನು ಬಂತು ಎಂದು ಕೇಳುವವರಿಗೆ ಒಂದೇ ಒಂದು ಬಳ್ಳಿಯ ಕಥೆ ಸಾಕು.

ನಮ್ಮ ಕಡ್ಲೇಕಾಯಿಗೆ ಮುಖ್ಯ ಶತ್ರುಗಳು ಎರಡು. ಎಲೆಚುಕ್ಕೆ ರೋಗ, ಅದನ್ನೇ ತಿಕ್ಕಾ ರೋಗ ಅಂತೀವಿ, ಇನ್ನೊಂದು ತುಕ್ಕು ರೋಗ. ಎರಡೂ ಒಟ್ಟಿಗೆ ಬಿದ್ದರೆ ಇಳುವರಿ ಅರ್ಧಕ್ಕಿಂತ ಹೆಚ್ಚು ಹೋಗಬಹುದು. ಕಾಯಿ ಹೋಗುವುದಷ್ಟೇ ಅಲ್ಲ, ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ, ದನಕ್ಕೆ ಹೊಟ್ಟೂ ಇಲ್ಲ. ಔಷಧಿ ಹೊಡೆಯಬಹುದು, ಆದರೆ ಮಳೆಯನ್ನೇ ನಂಬಿದ ಹೊಲಕ್ಕೆ ಎರಡು ಮೂರು ಸಲ ಔಷಧಿ ಹೊಡೆಯಲು ದುಡ್ಡು ಯಾರ ಹತ್ತಿರ ಇದೆ?

ಗಿಡಕ್ಕೇ ರೋಗ ತಡೆಯುವ ಶಕ್ತಿ ಇದ್ದರೆ ಒಳ್ಳೆಯದು. ಆದರೆ ನಾವು ಬೆಳೆಯುವ ಕಡ್ಲೇಕಾಯಿಯ ವಂಶವೇ ಬಹಳ ಇಕ್ಕಟ್ಟಿನದು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ ಮನೆತನ ಅದು. ಜಗತ್ತಿನ ಕಡ್ಲೇಕಾಯಿಗಳೆಲ್ಲ ಹೆಚ್ಚುಕಮ್ಮಿ ದಾಯಾದಿಗಳೇ. ಒಬ್ಬರಲ್ಲಿಲ್ಲದ ಶಕ್ತಿ ಇನ್ನೊಬ್ಬರಲ್ಲೂ ಇರುವುದು ಕಡಿಮೆ. ಹಾಗಾಗಿ ಕಾಡಿನಲ್ಲಿ ಉಳಿದ ದೂರದ ನೆಂಟರನ್ನು ಹುಡುಕಬೇಕಾಯಿತು.

ಆ ಹುಡುಕಾಟಕ್ಕೆ ದಕ್ಷಿಣ ಅಮೆರಿಕದ ಕಾಡು ಬಯಲು ಸುತ್ತಿದವರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಡಬ್ಲ್ಯು.ಸಿ. ಗ್ರೆಗರಿ, ಅರ್ಜೆಂಟೀನಾದ ಆಂಟೋನಿಯೊ ಕ್ರಪೋವಿಕಾಸ್ ದೊಡ್ಡ ಹೆಸರುಗಳು. ಅವರಿಬ್ಬರೂ ಕೂಡಿ ಬರೆದ ಕಡ್ಲೇಕಾಯಿ ಕುಲದ ಗ್ರಂಥ 1994ರಲ್ಲಿ ಅರ್ಜೆಂಟೀನಾದಲ್ಲಿ ಪ್ರಕಟವಾಯಿತು. ಅದರಲ್ಲಿ 69 ಜಾತಿಗಳ ವಿವರ ಇದೆ. ಬೊಲಿವಿಯಾದಲ್ಲಿ ಅವರ ತಂಡ ಕಿತ್ತು ತಂದ ಒಂದು ಕಾಡುಬಳ್ಳಿಗೆ ಅಲ್ಲಿಯ ಸಸ್ಯಶಾಸ್ತ್ರಜ್ಞ ಮಾರ್ಟಿನ್ ಕಾರ್ಡೆನಾಸ್ ಅವರ ಹೆಸರಿಟ್ಟರು: ಅರಾಕಿಸ್ ಕಾರ್ಡೆನಾಸೈ. ಆ ಮಾದರಿಯ ನಂಬರು ಜಿಕೆಪಿ 10017. ತಿಕ್ಕಾ, ತುಕ್ಕು ಎರಡನ್ನೂ ಅದು ತಡೆಯುತ್ತಿತ್ತು.

ಆದರೆ ಕಾಡಿನದನ್ನು ನಾಡಿನದಕ್ಕೆ ಕೂಡಿಸುವುದು ಸುಲಭವಲ್ಲ. ಜೀವಕೋಶದೊಳಗೆ ಕ್ರೋಮೋಸೋಮು ಎಂಬ ಎಳೆಗಳಿರುತ್ತವೆ. ನಮ್ಮ ಕಡ್ಲೇಕಾಯಿಗೆ 40 ಎಳೆ, ಕಾಡುಬಳ್ಳಿಗೆ 20. ಕೂಡಿಸಿದರೆ 30 ಎಳೆಯ ಗಿಡ ಹುಟ್ಟುತ್ತದೆ, ಆದರೆ ಬೀಜ ಕಟ್ಟುವುದಿಲ್ಲ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಇದ್ದ ಹಾಗೆ. ನಾರ್ತ್ ಕೆರೊಲೈನಾದಲ್ಲಿ 1960ರ ದಶಕದಲ್ಲಿ ಆ ಬಂಜೆ ಗಿಡಕ್ಕೆ ರಾಸಾಯನಿಕ ಉಪಚಾರ ಮಾಡಿ ಎಳೆಗಳನ್ನು ದುಪ್ಪಟ್ಟು, ಅಂದರೆ 60 ಮಾಡಿದರು. ಆಗ ಬೀಜ ಕಟ್ಟಿತು. ತಲೆಮಾರಿನ ಮೇಲೆ ತಲೆಮಾರು ಬೆಳೆಸುತ್ತ ಹೋದಾಗ ಹೆಚ್ಚಿನ ಎಳೆಗಳು ಬಿಟ್ಟುಹೋಗಿ ಮತ್ತೆ 40ಕ್ಕೆ ನಿಂತ ಗಿಡಗಳು ಸಿಕ್ಕಿದವು. ನೋಡಲು ನಾಡಿನ ಕಡ್ಲೇಕಾಯಿ, ಒಳಗೆ ಕಾಡುಬಳ್ಳಿಯ ಒಂದು ಚೂರು. ಇಷ್ಟಕ್ಕೆ ವರ್ಷಗಟ್ಟಲೆ ಬೇಕಾಯಿತು. ಶುರು ಮಾಡಿದವರೊಬ್ಬರು, ಮುಂದುವರಿಸಿದವರು ಇನ್ನೊಬ್ಬರು.

ಆ ಸಾಲುಗಳು ಅಲ್ಲಿಂದ ಪಟಾನ್‌ಚೆರುವಿಗೆ ಬಂದವು. ಇಕ್ರಿಸ್ಯಾಟಿನವರು ಅವನ್ನು ತಿದ್ದಿ, ನಂಬರು ಕೊಟ್ಟು, ಕೇಳಿದ ದೇಶಗಳಿಗೆಲ್ಲ ಹಂಚಿದರು. ಅವುಗಳಲ್ಲಿ ಒಂದು ಐಸಿಜಿವಿ 86855. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ವಿ.ಸಿ. ಗೌಡರ ತಂಡ ಅದನ್ನು ಕೆಆರ್‌ಜಿ-1 ಎಂಬ ತಳಿಗೆ ಕೂಡಿಸಿ ಜಿಪಿಬಿಡಿ-4 ಎಂಬ ಗೊಂಚಲು ಶೇಂಗಾ ತಳಿ ತೆಗೆಯಿತು. ಅದರ ವಿವರ 2002ರಲ್ಲಿ ಪ್ರಕಟವಾಯಿತು. ತಿಕ್ಕಾ, ತುಕ್ಕು ಎರಡನ್ನೂ ತಡೆಯುವ ತಳಿ ಎಂದು ಇವತ್ತಿಗೂ ದೇಶದ ತಳಿ ವಿಜ್ಞಾನಿಗಳು ಅದನ್ನೇ ಮುಂದಿಟ್ಟುಕೊಂಡು ಕೆಲಸ ಮಾಡುತ್ತಾರೆ. ಕೀಳುವ ಹೊತ್ತಿಗೂ ಎಲೆ ಹಸಿರಾಗಿರುವುದರಿಂದ ಹೊಟ್ಟು ಸಿಗುತ್ತದೆ ಎಂಬುದು ದನಕರು ಇರುವ ಮನೆಗೆ ಚಿಕ್ಕ ಮಾತಲ್ಲ.

2021ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಡೇವಿಡ್ ಬರ್ಟಿಯೋಲಿ, ಸೊರಾಯಾ ಲೀಲ್-ಬರ್ಟಿಯೋಲಿ ದಂಪತಿ ಹಲವು ದೇಶಗಳ ವಿಜ್ಞಾನಿಗಳನ್ನು ಕೂಡಿಸಿಕೊಂಡು ಈ ಬಳ್ಳಿಯ ವಂಶಾವಳಿ ಹುಡುಕಿದರು. ಆ ಒಂದೇ ಮಾದರಿಯ ಅಂಶ ಆಫ್ರಿಕಾ, ಏಷ್ಯಾ, ಅಮೆರಿಕ ಖಂಡಗಳಲ್ಲೂ ಆಸ್ಟ್ರೇಲಿಯಾ ಕಡೆಯಲ್ಲೂ ರೈತರು ಬೆಳೆಯುವ ತಳಿಗಳಲ್ಲಿ ಸಿಕ್ಕಿತು. ಬೀಜ ಕೈಯಿಂದ ಕೈಗೆ ಹೋಗಿ ಎಲ್ಲಿಂದ ಬಂತೆಂಬುದೇ ಮರೆತುಹೋಗಿತ್ತು. ಯಾರೋ ಕಾಡಿನಲ್ಲಿ ಕಿತ್ತ ಒಂದು ಬಳ್ಳಿಯಿಂದ ನಾಲ್ಕು ದಿಕ್ಕಿನ ರೈತರಿಗೂ ಔಷಧಿ ಖರ್ಚು ಕಡಿಮೆಯಾಯಿತು.

ವಂಶದ ಪುಸ್ತಕ ತೆರೆದದ್ದು

ಈ ಹುಡುಕಾಟ ಸಾಧ್ಯವಾದದ್ದು ಕಡ್ಲೇಕಾಯಿಯ ಜೀನೋಮ್ ಓದಿದ ಮೇಲೆ. ಜೀನೋಮ್ ಅಂದರೆ ಗಿಡದ ವಂಶದ ಪುಸ್ತಕ ಅಂತಿಟ್ಟುಕೊಳ್ಳಿ. ಅದನ್ನು ಓದಲು ಅಮೆರಿಕ, ಚೀನಾ, ಬ್ರೆಜಿಲ್, ಭಾರತ, ಇಸ್ರೇಲ್ ಮುಂತಾದ ದೇಶಗಳ ವಿಶ್ವವಿದ್ಯಾಲಯಗಳೂ ಸಂಸ್ಥೆಗಳೂ ಅಂತಾರಾಷ್ಟ್ರೀಯ ಕೂಟ ಕಟ್ಟಿದವು. ಇಕ್ರಿಸ್ಯಾಟ್ ಕೂಡ ಅದರಲ್ಲಿತ್ತು. 2014ರಲ್ಲಿ ಮೊದಲ ಕರಡು ಹೊರಗೆ ಬಂತು. 2016ರಲ್ಲಿ ಎರಡು ಮೂಲ ಕಾಡುಜಾತಿಗಳದು, 2019ರಲ್ಲಿ ನಾವು ಬೆಳೆಯುವ ಕಡ್ಲೇಕಾಯಿಯದು ಪ್ರಕಟವಾಯಿತು. ಸುಮಾರು 250 ಕೋಟಿ ಅಕ್ಷರದ ಪುಸ್ತಕ. ಕಂಡದ್ದನ್ನು ಬೀಗ ಹಾಕಿಡದೆ ಯಾರು ಬೇಕಾದರೂ ನೋಡುವ ಹಾಗೆ ಬಿಟ್ಟರು.

2016ರ ಓದಿನಲ್ಲಿ ಒಂದು ಸಂಗತಿ ಗೊತ್ತಾಯಿತು. ಮೂಲ ಜಾತಿಗಳು ಎರಡೂ ಬೆಳೆಯುವ ಜಾಗ ದೂರ ದೂರ. ಅವು ತಾವಾಗಿ ಕೂಡುವ ಸಾಧ್ಯತೆ ಕಡಿಮೆ. ಹಿಂದಿನ ಕಾಲದ ಜನರೇ ಒಂದರ ಬೀಜವನ್ನು ಇನ್ನೊಂದರ ನೆಲಕ್ಕೆ ಹೊತ್ತುಕೊಂಡು ಹೋಗಿದ್ದರಿಂದ ಕಡ್ಲೇಕಾಯಿ ಹುಟ್ಟಿರಬೇಕು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಬೀಜ ಹಂಚಿಕೊಳ್ಳುವುದನ್ನು ಯಾವ ವಿಶ್ವವಿದ್ಯಾಲಯವೂ ಮೊದಲು ಕಲಿಸಲಿಲ್ಲ.

ನಮಗೆ ಇದರಿಂದ ಏನು ಲಾಭ? ಟಿಎಂವಿ-2 ಎಂಬ ತಳಿ ತಮಿಳುನಾಡಿನ ತಿಂಡಿವನಂ ಕೇಂದ್ರದಿಂದ 1940ರಲ್ಲಿ ಬಂದದ್ದು. ನಮ್ಮ ಸೀಮೆಯಲ್ಲಿ ಎಷ್ಟೋ ದಶಕ ಅದನ್ನೇ ಬಿತ್ತಿದರು. ಹೆಸರು ಗೊತ್ತಿಲ್ಲದವರು ನಾಟಿ ಕಾಯಿ ಅಂತಲೇ ಕರೆಯುತ್ತಿದ್ದರು. ಬರ ತಡೆಯುತ್ತದೆ, ಆದರೆ ರೋಗಕ್ಕೆ ಬೇಗ ಬೀಳುತ್ತದೆ. ಕಾಡುಬಳ್ಳಿಯಿಂದ ಬಂದ ರೋಗ ತಡೆಯುವ ಚೂರು ಜೀನೋಮಿನಲ್ಲಿ ಎಲ್ಲಿ ಕೂತಿದೆ ಎಂದು ಇಕ್ರಿಸ್ಯಾಟ್, ಧಾರವಾಡದವರು ಗುರುತು ಹಚ್ಚಿದರು. ಆ ಗುರುತನ್ನು ಹಿಡಿದು ಧಾರವಾಡದವರು ಜಿಪಿಬಿಡಿ-4ರ ಶಕ್ತಿಯನ್ನು ಟಿಎಂವಿ-2ರೊಳಗೆ ತಂದ ಕೆಲಸ 2017ರಲ್ಲಿ ಪ್ರಕಟವಾಯಿತು. ಗಿಡ ದೊಡ್ಡದಾಗಿ ರೋಗ ಬರುವ ತನಕ ಕಾಯಬೇಕಿಲ್ಲ, ಎಳೆ ಎಲೆಯ ಚೂರು ಪರೀಕ್ಷೆ ಮಾಡಿದರೆ ಯಾವ ಸಸಿಯಲ್ಲಿ ಶಕ್ತಿ ಇದೆ ಎಂದು ಗೊತ್ತಾಗುತ್ತದೆ. ಆದವಾನಿಯ ಹತ್ತಿ ರೈತರು ಕೇಳುತ್ತಾರೆ, "ಇದೂ ಬಿ.ಟಿ. ತರಾನೇ ಏನಪ್ಪಾ?" ಅಂತ. ಅಲ್ಲ. ಹೊರಗಿನ ಜೀನು ತೂರಿಸಿದ್ದಲ್ಲ. ಹೂವಿಗೆ ಹೂ ಕೂಡಿಸಿ ತೆಗೆದದ್ದೇ, ಆರಿಸುವ ದಾರಿ ಮಾತ್ರ ಹೊಸದು.

ವ್ಯಾಪಾರಸ್ಥರು ಗಮನಿಸಬೇಕಾದ್ದು

ಮಾಲು ಕೊಳ್ಳುವವರಿಗೂ ಈ ಕೂಟಗಳಿಂದ ಪಾಠ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲೆ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಕಡ್ಲೇಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ, ಹೆಚ್ಚು ಕಾಲ ಹೊಟ್ಟೆಗೆ ಹೋದರೆ ಈಲಿ ಕೆಡುತ್ತದೆ, ಕ್ಯಾನ್ಸರ್ ತರುತ್ತದೆ. ಯುರೋಪಿನಲ್ಲಿ ನೇರ ತಿನ್ನುವ ಕಾಳಿಗೆ ಹಾಕಿರುವ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಅಂದರೆ ಹತ್ತು ಟನ್ನಿನ ಲಾರಿ ಲೋಡಿನಲ್ಲಿ ಈ ವಿಷ 40 ಮಿಲಿಗ್ರಾಂ ದಾಟಿದರೆ ಮಾಲು ವಾಪಸ್. ಮುಂದೆ ಸಂಸ್ಕರಿಸುವ ಕಾಳಿಗೆ ಮಿತಿ ಸ್ವಲ್ಪ ಸಡಿಲ, 15 ಮೈಕ್ರೋಗ್ರಾಂ. ನಮ್ಮ ದೇಶದಲ್ಲೂ ಮಿತಿ ಇದೆ.

ಕೊನೆಯ ತಿಂಗಳಲ್ಲಿ ಮಳೆ ಕೈಕೊಟ್ಟರೆ ನೆಲದೊಳಗೇ ಬೂಷ್ಟು ಹತ್ತುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಆಮೇಲಿನದು. ಕಿತ್ತ ಕಾಯಿ ಬೇಗ ಒಣಗಿಸಬೇಕು, ತೇವ ಶೇಕಡಾ 8ಕ್ಕಿಂತ ಕೆಳಗೆ ಬರಬೇಕು, ಒಡೆದ ಮುದುಡಿದ ಕಾಯಿ ಬೇರೆ ಮಾಡಬೇಕು. ಮಿಷನ್ನಿಗೆ ಹಾಕುವ ಮುಂಚೆ ಕಾಳು ಒಡೆಯದಿರಲಿ ಎಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಇದೆಯಲ್ಲ, ಆ ನೀರೇ ಬೂಷ್ಟಿಗೆ ಹಬ್ಬ. ಚಿಮುಕಿಸಿದ್ದನ್ನು ಹಾಗೇ ಚೀಲ ತುಂಬಿ ಗೋಡೌನಿನಲ್ಲಿ ಒಟ್ಟಿದರೆ ಮುಗಿಯಿತು. ಜಾರ್ಜಿಯಾದ ಕೂಟವೂ ಇಕ್ರಿಸ್ಯಾಟೂ ಈ ವಿಷಯದಲ್ಲಿ ಬಹಳ ವರ್ಷ ದುಡಿದಿವೆ. ಕಡಿಮೆ ಖರ್ಚಿನಲ್ಲಿ ವಿಷ ಅಳೆಯುವ ಪರೀಕ್ಷಾ ಕಿಟ್ ಇಕ್ರಿಸ್ಯಾಟಿನಲ್ಲಿ ತಯಾರಾಯಿತು.

ಎಣ್ಣೆಯ ವಿಷಯವೂ ಹೀಗೇ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು 1987ರಲ್ಲಿ ಓಲಿಕ್ ಆಮ್ಲ ಶೇಕಡಾ 80ರಷ್ಟಿರುವ ಕಡ್ಲೇಕಾಯಿ ಕಂಡದ್ದನ್ನು ಪ್ರಕಟಿಸಿದರು. ಸಾಮಾನ್ಯ ಕಡ್ಲೇಕಾಯಿಯಲ್ಲಿ ಅದು 45ರ ಆಸುಪಾಸು. ಓಲಿಕ್ ಹೆಚ್ಚಿದ್ದರೆ ಎಣ್ಣೆ, ಚಿಕ್ಕಿ, ಹುರಿದ ಕಾಳು ಬೇಗ ಕಮಟು ವಾಸನೆ ಬರುವುದಿಲ್ಲ. ಅಲ್ಲಿಯ ಸನ್‌ಓಲಿಕ್ ತಳಿಯನ್ನು ಇಕ್ರಿಸ್ಯಾಟಿನವರು ನಮ್ಮ ದೇಶದ ಹವೆಗೆ ಒಗ್ಗುವ ತಳಿಗಳಿಗೆ ಕೂಡಿಸಿದರು. ಜುನಾಗಢದ ಕಡ್ಲೇಕಾಯಿ ನಿರ್ದೇಶನಾಲಯದ ಜೊತೆ ಸೇರಿ 2020ರಲ್ಲಿ ಗಿರ್ನಾರ್-4, ಗಿರ್ನಾರ್-5 ಎಂಬ ತಳಿಗಳು ಬಂದವು.

ಹಗ್ಗ ಸವೆಯುತ್ತಿರುವುದು ಎಲ್ಲಿ

ಇಷ್ಟು ಒಳ್ಳೆಯದಾದರೆ ಇದು ಇನ್ನೂ ಬೆಳೆಯಬೇಕಿತ್ತು. ಆದರೆ 2021ರ ಆ ಅಧ್ಯಯನದಲ್ಲೇ ವಿಜ್ಞಾನಿಗಳು ಎಚ್ಚರಿಕೆ ಕೊಟ್ಟಿದ್ದಾರೆ. ಜಿಕೆಪಿ 10017 ನಡೆದುಬಂದ ದಾರಿ ಇವತ್ತು ಹೆಚ್ಚುಕಮ್ಮಿ ಮುಚ್ಚಿದೆ. 1992ರಲ್ಲಿ ರಿಯೋ ನಗರದಲ್ಲಿ ಜೀವವೈವಿಧ್ಯ ಒಪ್ಪಂದ ಆಯಿತು. ಒಂದು ದೇಶದ ಗಿಡಮೂಲಿಕೆಯ ಮೇಲೆ ಆ ದೇಶಕ್ಕೇ ಹಕ್ಕು ಎಂಬುದು ಅದರ ಸಾರ. ಆಮೇಲೆ ಒಂದೊಂದು ದೇಶ ಒಂದೊಂದು ಕಾಯಿದೆ ಮಾಡಿತು. ನಮ್ಮದು 2002ರದು. ಕಾಡಿನಲ್ಲಿ ಗಿಡ ಹುಡುಕುವುದೂ ದೇಶದಿಂದ ದೇಶಕ್ಕೆ ಬೀಜ ಕಳಿಸುವುದೂ ಬಹಳ ಕಡಿಮೆಯಾಯಿತು. 2001ರ ಅಂತಾರಾಷ್ಟ್ರೀಯ ಬೀಜ ಒಪ್ಪಂದದಲ್ಲಿ ಸುಲಭವಾಗಿ ಹಂಚಿಕೊಳ್ಳಬಹುದಾದ ಬೆಳೆಗಳ ಪಟ್ಟಿ ಮಾಡಿದರು. ಭತ್ತ, ಗೋಧಿ, ಜೋಳ ಅದರಲ್ಲಿ ಸೇರಿದವು, ಕಡ್ಲೇಕಾಯಿ ಸೇರಲಿಲ್ಲ.

ಬೊಲಿವಿಯಾದಂಥ ದೇಶಗಳ ಸಿಟ್ಟಿನಲ್ಲೂ ನ್ಯಾಯ ಇದೆ. ನಮ್ಮ ಅರಿಶಿನದ್ದೇ ನೋಡಿ. ಗಾಯಕ್ಕೆ ಅರಿಶಿನ ಹಚ್ಚುವುದನ್ನು ತಾವು ಕಂಡುಹಿಡಿದದ್ದೆಂದು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಹೆಸರಿಗೆ 1995ರಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ತಕರಾರು ಹಾಕಿ 1997ರಲ್ಲಿ ರದ್ದು ಮಾಡಿಸಿತು. ವಿಶ್ವವಿದ್ಯಾಲಯಗಳ ಮೇಲೆ ಬಡದೇಶಗಳಿಗೆ ಪೂರ್ತಿ ನಂಬಿಕೆ ಬರದಿದ್ದರೆ ಅದಕ್ಕೆ ಇಂಥ ಕಾರಣಗಳಿವೆ. ಬೀಜ ಕೊಟ್ಟವನಿಗೆ ಪಾಲು ಸಿಗಬೇಕು, ಕೇಳಿದವನಿಗೆ ಬೀಜ ಸಿಗಬೇಕು. ಎರಡೂ ಆಗುವ ದಾರಿ ಹುಡುಕದೆ ಬರೀ ಬಾಗಿಲು ಮುಚ್ಚಿದರೆ ಮುಂದಿನ ಹೊಸ ರೋಗಕ್ಕೆ ಮದ್ದು ಯಾವ ಕಾಡಿನಲ್ಲಿದೆಯೆಂದು ನೋಡುವವರೇ ಇರುವುದಿಲ್ಲ. "ಪೆರಟಿ ಚೆಟ್ಟು ಮಂದುಕು ರಾದು" ಎಂದು ತೆಲುಗಿನಲ್ಲಿ, "ಹಿತ್ತಲ ಗಿಡ ಮದ್ದಲ್ಲ" ಎಂದು ಕನ್ನಡದಲ್ಲಿ ಹೇಳುತ್ತೇವೆ. ಕಡ್ಲೇಕಾಯಿಯ ಮಟ್ಟಿಗೆ ಮದ್ದಿನ ಗಿಡ ನಿಜವಾಗಿಯೂ ಬೇರೆಯವರ ಹಿತ್ತಲಲ್ಲೇ ಇದೆ.

ಎರಡನೆಯ ಪೆಟ್ಟು ಹಣದ್ದು. 2025ರಲ್ಲಿ ಅಮೆರಿಕ ಸರ್ಕಾರ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಅದರ ಹಣದಿಂದ ಅಲ್ಲಿಯ ವಿಶ್ವವಿದ್ಯಾಲಯಗಳು ನಡೆಸುತ್ತಿದ್ದ ಬೆಳೆ ಸಂಶೋಧನಾ ಕೂಟಗಳಿಗೆ ಕೆಲಸ ನಿಲ್ಲಿಸಿ ಎಂಬ ಆದೇಶ ಬಂತು. 1982ರಿಂದ ಹೆಸರು ಬದಲಾಯಿಸಿಕೊಂಡು ನಡೆದುಬಂದಿದ್ದ ಜಾರ್ಜಿಯಾದ ಕಡ್ಲೇಕಾಯಿ ಕೂಟಕ್ಕೂ ಈ ಪೆಟ್ಟು ಬಿತ್ತು. ಕಾಡುಬಳ್ಳಿಯನ್ನು ತಳಿಯಾಗಿಸಲು ಎಷ್ಟು ದಶಕ ಬೇಕಾಯಿತು ಎಂದು ಮೇಲೆ ನೋಡಿದೆವು. ಚುನಾವಣೆಯಿಂದ ಚುನಾವಣೆಗೆ ಬದಲಾಗುವ ಹಣದ ಮೇಲೆ ಅಂಥ ಕೆಲಸ ನಿಲ್ಲಿಸಬಾರದು. ಒಬ್ಬರ ಕೈ ಬಿಟ್ಟರೂ ಉಳಿದವರು ಹಿಡಿದಿರುವಂತೆ ಭಾರತ, ಬ್ರೆಜಿಲ್, ಚೀನಾದಂಥ ಕಡ್ಲೇಕಾಯಿ ದೇಶಗಳೇ ಹೆಚ್ಚು ಪಾಲು ಹಾಕಬೇಕಾದ ಕಾಲ ಇದು.

ನಮ್ಮ ಗಡಿಯಲ್ಲೇ ನಿಂತ ಬೀಜ

ಬೊಲಿವಿಯಾದಿಂದ ಧಾರವಾಡದ ತನಕ ಬಂದ ಶಕ್ತಿ ಧಾರವಾಡದಿಂದ ಮಡಕಶಿರಾಕ್ಕೆ ಬರುವಾಗ ಯಾಕೆ ಸುಸ್ತಾಗುತ್ತದೆ? ಇದು ನಾವು ಕೇಳಲೇಬೇಕಾದ ಪ್ರಶ್ನೆ. 1940ರ ತಳಿಯನ್ನು ಇಷ್ಟು ಕಾಲ ಬಿತ್ತಿದ್ದು ರೈತರ ಹಟದಿಂದಲ್ಲ. ಕಡ್ಲೇಕಾಯಿ ಬೀಜ ಎಕರೆಗೆ ಬಹಳ ಬೇಕು. ಒಂದು ಚೀಲ ಬಿತ್ತಿದರೆ ಒಳ್ಳೆ ವರ್ಷದಲ್ಲಿ ಎಂಟು ಹತ್ತು ಚೀಲ. ಹಾಗಾಗಿ ಹೊಸ ತಳಿಯ ಒಂದು ಮುಷ್ಟಿ ಬೀಜ ಊರಿಗೆಲ್ಲ ಸಾಲುವಷ್ಟಾಗಲು ವರ್ಷಗಳೇ ಬೇಕು. ಜೊತೆಗೆ ಇದು ತನ್ನ ಹೂವಿಗೆ ತಾನೇ ಕೂಡುವ ಬೆಳೆ, ಮನೆಯ ಬೀಜವನ್ನೇ ಮತ್ತೆ ಬಿತ್ತಬಹುದು. ಪ್ರತಿ ವರ್ಷ ಕೊಳ್ಳದ ಗಿರಾಕಿಗೆ ಬೀಜ ಮಾಡಲು ಕಂಪನಿಗಳಿಗೆ ಆಸಕ್ತಿ ಇಲ್ಲ. ಉಳಿದದ್ದು ಸರ್ಕಾರ. ಸರ್ಕಾರದ ಸಬ್ಸಿಡಿ ಪಟ್ಟಿ ರಾಜ್ಯದ ಗಡಿಗೆ ಬಂದು ನಿಲ್ಲುತ್ತದೆ. ಪಾವಗಡದ ಹೊಲಕ್ಕೂ ಮಡಕಶಿರಾದ ಹೊಲಕ್ಕೂ ಬದು ಒಂದೇ, ಮಳೆ ಒಂದೇ, ಸಿಗುವ ಬೀಜ ಬೇರೆ.

ದಾರಿ ಇಲ್ಲದೇ ಇಲ್ಲ. ಬರ ತಾಳುವ, 90-95 ದಿನಕ್ಕೆ ಬರುವ ಐಸಿಜಿವಿ 91114 ತಳಿಯನ್ನು 2000ದ ದಶಕದಲ್ಲಿ ಅನಂತಪುರದ ರೈತರ ಹೊಲಗಳಲ್ಲೇ ಬೆಳೆದು, ರೈತರೇ ನೋಡಿ ಆರಿಸಿದ ಮೇಲೆ ಬಿಡುಗಡೆ ಮಾಡಿದರು. ಹೀಗೆ ಕೇಳಿ ಮಾಡಿದ ಕೆಲಸ ನಿಲ್ಲುತ್ತದೆ. 2001ರ ತಳಿ ರಕ್ಷಣೆ ಮತ್ತು ರೈತರ ಹಕ್ಕು ಕಾಯಿದೆ ಪ್ರಕಾರ ರೈತ ತನ್ನ ಬೀಜ ಉಳಿಸಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಬ್ರಾಂಡ್ ಹಾಕದೆ ಮಾರಲೂಬಹುದು. ಕಾಯಿದೆಯಲ್ಲಿ ಜಿಲ್ಲೆಯ ಗಡಿ, ರಾಜ್ಯದ ಗಡಿ ಇಲ್ಲ. ಹತ್ತು ಮನೆಯವರು ಕೂಡಿ ಕಾಲು ಕಾಲು ಎಕರೆ ಬೀಜದ ತಾಕು ಇಟ್ಟರೆ ಮೂರು ನಾಲ್ಕು ವರ್ಷಕ್ಕೆ ಊರಿನ ಬೀಜ ಊರಲ್ಲೇ ಆಗುತ್ತದೆ. ರೈತ ಉತ್ಪಾದಕ ಕಂಪನಿಗಳು ಗಡಿಯ ಎರಡೂ ಕಡೆ ಹುಟ್ಟಿಕೊಂಡಿವೆ. ವ್ಯಾಪಾರಸ್ಥರೂ ಒಳ್ಳೆಯ ತಳಿಯ, ಬೂಷ್ಟಿಲ್ಲದ ಮಾಲಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಇದು ಬೇಗ ಆಗುತ್ತದೆ.

ಸರ್ಕಾರಗಳನ್ನು ಕೇಳುವುದು ಇಷ್ಟೇ. ಕದಿರಿ, ಧಾರವಾಡ, ರಾಯಚೂರು ಕೇಂದ್ರಗಳು ಗಡಿ ತಾಲ್ಲೂಕುಗಳಿಗೆ ಒಂದೇ ಬೀಜ ಪಟ್ಟಿ ಮಾಡಲಿ. ಒಂದೊಂದು ಮುಂಗಾರಿಗೆ ಒಂದು ಕಡೆ ರೈತರ ಹೊಲದಲ್ಲಿ ಕೂಡಿ ತಳಿ ಪರೀಕ್ಷೆ ನಡೆಸಲಿ. ಸಲಹೆ ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚಾಗಲಿ. ನಾರ್ತ್ ಕೆರೊಲೈನಾ, ಪಟಾನ್‌ಚೆರು, ಧಾರವಾಡ ಮೂರೂ ಕೂಡಿ ಕೆಲಸ ಮಾಡಿದ್ದು ಸಾಧ್ಯವಾದರೆ, ನೂರು ಕಿಲೋಮೀಟರಿನ ಆಚೆ ಈಚೆ ಇರುವವರಿಗೆ ಇದು ಅಸಾಧ್ಯವಾಗಬಾರದು. ಅಲ್ಲಿಯ ತನಕ ಈ ಸಲದ ಮುಂಗಾರಿಗೆ ನಮ್ಮ ಕೈಲಾದದ್ದು ಮಾಡೋಣ: ಬದುವಿನ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ ಕೀಳೋಣ, ಸುತ್ತ ನಾಲ್ಕು ಸಾಲು ಜೋಳ ಬಿತ್ತೋಣ. ಆಚೆ ರಾಜ್ಯದ ಹೊಲದವರಿಗೂ ಹೇಳೋಣ, ಅವರ ಬದುವಿನ ಹೂವಿನ ಪುಡಿ ಗಾಳಿಗೆ ನಮ್ಮ ಕಡೆಗೇ ಬರುತ್ತದೆ.